ಕರಗಿಸಿದ ಪ್ಲೇಟಿನ ಮೇಲೆ ಹೊಸ ಹಾಡು

1980ರ ದಶಕದ ನಡುವಿನಲ್ಲಿ ಶಿಕಾಗೊ ನಗರದಲ್ಲಿ ಅಚ್ಚಾದ ಕೆಲವು ಗ್ರಾಮಫೋನ್ ಪ್ಲೇಟುಗಳಿಗೆ ಒಂದು ವಿಚಿತ್ರ ಲಕ್ಷಣವಿದೆ. ಸೂಜಿ ಇಟ್ಟ ಕೂಡಲೇ ಹಾಡಿಗಿಂತ ಮೊದಲು ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು ಕೇಳುತ್ತದೆ. ಪ್ಲೇಟು ಹಳತಾದದ್ದರಿಂದ ಬಂದ ಸದ್ದಲ್ಲ ಇದು, ಹುಟ್ಟಿನಿಂದಲೇ ಇದ್ದದ್ದು. ಮಾರಾಟವಾಗದೆ ಉಳಿದ ಹಳೆಯ ಪ್ಲೇಟುಗಳನ್ನು ಕರಗಿಸಿ, ಅದೇ ಪ್ಲಾಸ್ಟಿಕ್ಕಿನಲ್ಲಿ ಹೊಸ ಹಾಡನ್ನು ಒತ್ತಿ ತೆಗೆಯುತ್ತಿದ್ದರು. ಹಾಗೆ ಒತ್ತಿದ ಕಂಪನಿಯ ಹೆಸರು ಟ್ರಾಕ್ಸ್ ರೆಕಾರ್ಡ್ಸ್. ಇವತ್ತು ಮದುವೆ ಮನೆಯ ಡಿಜೆಯಿಂದ ಹಿಡಿದು ಜಾಹೀರಾತಿನ ಹಿನ್ನೆಲೆಯವರೆಗೆ ಎಲ್ಲೆಲ್ಲೂ ಕೇಳುವ ‘ಧಪ್ ಧಪ್’ ಲಯದ ನೃತ್ಯಸಂಗೀತಕ್ಕೆ ಹೌಸ್ ಎಂಬ ಹೆಸರು ಬಂದದ್ದು, ಅದು ಊರು ಬಿಟ್ಟು ಹೊರಟದ್ದು, ಇಂಥ ಕಳಪೆ ಪ್ಲೇಟುಗಳ ಮೇಲೆ ಕೂತು.

ಈ ಕಂಪನಿಯ ಮೊದಲ ಕೆಲವು ವರ್ಷಗಳ ಕತೆಯನ್ನು ಕನ್ನಡದಲ್ಲಿ ಹೇಳುವುದಕ್ಕೆ ಒಂದು ಕಾರಣವಿದೆ. ಕಲ್ಲಡ್ಕದಲ್ಲಿ ಕುಳಿತು ಶಿಕಾಗೊದ ಬಗ್ಗೆ ಓದುವವರಿಗೆ ಆ ಊರು ದೂರದ್ದೇ. ಆದರೆ ದೊಡ್ಡ ಕಂಪನಿಗಳ ಕಣ್ಣಿಗೆ ಬೀಳದ ಜನ ಅಗ್ಗದ ಯಂತ್ರ ಹಿಡಿದು ತಮ್ಮ ಹಾಡನ್ನು ತಾವೇ ಅಚ್ಚು ಹಾಕಿಕೊಂಡ ಕತೆ ನಮಗೆ ಹೊಸದಲ್ಲ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ನಮ್ಮಲ್ಲಿ ಕ್ಯಾಸೆಟ್ಟು ಅದೇ ಕೆಲಸ ಮಾಡಿತು. ಅಲ್ಲಿ ಏಳುವ ಪ್ರಶ್ನೆಯೂ ಇಲ್ಲಿ ಏಳುವ ಪ್ರಶ್ನೆಯೂ ಒಂದೇ: ಹಾಡು ಉಳಿಯಿತು, ಹಾಡಿದವನಿಗೆ ಏನು ಉಳಿಯಿತು?

ಕತೆ ಶುರುವಾಗುವುದು ಒಂದು ಬೆಂಕಿಯಿಂದ. 1979ರ ಜುಲೈ 12ರಂದು ಶಿಕಾಗೊದ ಕೊಮಿಸ್ಕಿ ಪಾರ್ಕ್ ಮೈದಾನದಲ್ಲಿ ಬೇಸ್‌ಬಾಲ್ ಪಂದ್ಯವಿತ್ತು. ಒಂದು ಡಿಸ್ಕೊ ಪ್ಲೇಟು ತಂದವರಿಗೆ 98 ಸೆಂಟಿಗೆ ಟಿಕೆಟ್ಟು. ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ, ಸ್ಟೀವ್ ಡಾಲ್ ಎಂಬ ರೇಡಿಯೊ ನಿರೂಪಕ ಆ ಪ್ಲೇಟುಗಳ ರಾಶಿಯನ್ನು ಮೈದಾನದ ಮಧ್ಯೆ ಸ್ಫೋಟಿಸಿದ. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು. ಎರಡನೇ ಪಂದ್ಯ ನಡೆಯಲೇ ಇಲ್ಲ. ಅಂದು ಆ ಮೈದಾನದಲ್ಲಿ ಪ್ರೇಕ್ಷಕರನ್ನು ಆಸನಗಳಿಗೆ ಕರೆದೊಯ್ಯುವ ಕೆಲಸಕ್ಕಿದ್ದ ಹುಡುಗರಲ್ಲಿ ವಿನ್ಸ್ ಲಾರೆನ್ಸ್ ಒಬ್ಬ. ಕಪ್ಪು ಜನಾಂಗದ ಈ ಹುಡುಗ ಸಿಂಥಸೈಜರ್ ಕೊಳ್ಳಬೇಕೆಂದು ದುಡ್ಡು ಕೂಡಿಸುತ್ತಿದ್ದ. ಜನ ಹೊತ್ತು ತಂದ ಪ್ಲೇಟುಗಳಲ್ಲಿ ಹಲವು ಡಿಸ್ಕೊ ಆಗಿರಲೇ ಇಲ್ಲ, ಕಪ್ಪು ಗಾಯಕರದ್ದು ಎಂಬುದೇ ಅವಕ್ಕಿದ್ದ ಅರ್ಹತೆ ಎಂದು ಅವನು ಮುಂದೆ ಹಲವು ಸಲ ನೆನಪಿಸಿಕೊಂಡಿದ್ದಾನೆ.

ದೊಡ್ಡ ಕಂಪನಿಗಳು ಡಿಸ್ಕೊದಿಂದ ಬೇಗನೆ ಕೈ ತೊಳೆದುಕೊಂಡವು. ಕುಣಿಯುವವರು ಮಾತ್ರ ಎಲ್ಲಿಗೂ ಹೋಗಲಿಲ್ಲ. 206, ಸೌತ್ ಜೆಫರ್ಸನ್ ಬೀದಿಯ ಹಳೆಯ ಕೈಗಾರಿಕಾ ಕಟ್ಟಡವೊಂದರಲ್ಲಿ ‘ವೇರ್‌ಹೌಸ್’ ಎಂಬ ಕ್ಲಬ್ಬಿತ್ತು. ನ್ಯೂಯಾರ್ಕಿನಿಂದ 1977ರಲ್ಲಿ ಬಂದ ಫ್ರ್ಯಾಂಕಿ ನಕಲ್ಸ್ ಅಲ್ಲಿ ಪ್ಲೇಟು ಹಾಕುತ್ತಿದ್ದ. ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೊ ಸಲಿಂಗಿಗಳು, ನಗರದ ಉಳಿದ ಬಾಗಿಲುಗಳು ತಮಗೆ ತೆರೆಯುವುದಿಲ್ಲವೆಂದು ಬಲ್ಲವರು. ಹೊಸ ಡಿಸ್ಕೊ ಪ್ಲೇಟು ಬರುವುದು ಕಡಿಮೆಯಾದಂತೆ ನಕಲ್ಸ್ ಹಳೆಯದನ್ನೇ ಹಿಗ್ಗಿಸತೊಡಗಿದ. ಟೇಪು ಕತ್ತರಿಸಿ ಅಂಟಿಸಿ ಎರಡು ನಿಮಿಷದ ತಾಳವನ್ನು ಹತ್ತು ನಿಮಿಷ ಓಡಿಸಿದ, ಕೆಳಗೆ ಡ್ರಮ್ ಯಂತ್ರದ ಪೆಟ್ಟು ಸೇರಿಸಿದ. ‘ವೇರ್‌ಹೌಸಿನಲ್ಲಿ ಹಾಕುವ ಹಾಡು ಬೇಕು’ ಎಂದು ಅಂಗಡಿಗೆ ಬಂದು ಕೇಳುವವರು ಹೆಚ್ಚಾದರು. ಆ ಹೆಸರಿನ ಬಾಲ ಉಳಿದು ‘ಹೌಸ್’ ಆಯಿತು.

ನಿಮಿಷಕ್ಕೆ ಸುಮಾರು 120 ಪೆಟ್ಟು, ಪ್ರತಿ ಮಾತ್ರೆಗೂ ಒಂದು ಭಾರವಾದ ಡ್ರಮ್ಮಿನ ಏಟು, ನಡುವೆ ಚಿಮ್ಮುವ ಕಂಚಿನ ತಟ್ಟೆಯ ಸದ್ದು, ಮೇಲೆ ಎರಡು ಮೂರು ಸ್ವರಗಳ ಮಂದ್ರದ ಎಳೆ: ಹೌಸ್ ಸಂಗೀತದ ಎಲುಬು ಇಷ್ಟೇ. ಇದರಲ್ಲಿ ಪಲ್ಲವಿ–ಚರಣಗಳ ಅವಸರವಿಲ್ಲ. ಇಡೀ ರಾತ್ರಿಗೆ ಕಟ್ಟಿದ ಸಂಗೀತ ಇದು. ರಾತ್ರಿಯಿಡೀ ಬಯಲಾಟ ನೋಡಿದವರಿಗೆ ಈ ಮಾತು ಬೇಗ ತಿಳಿದೀತು. ನಡುರಾತ್ರಿ ಕಳೆದ ಮೇಲೆ ಚೆಂಡೆ ಮೈಯೊಳಗೆ ಇಳಿಯುವ ರೀತಿಯೇ ಬೇರೆ.

ಆದರೆ ಇಷ್ಟು ಹೊತ್ತಿನವರೆಗೆ ಹೌಸ್ ಎಂಬುದು ಡಿಜೆ ಮಾಡುವ ಕೆಲಸವಾಗಿತ್ತೇ ಹೊರತು, ಅಂಗಡಿಯಲ್ಲಿ ಸಿಗುವ ವಸ್ತುವಾಗಿರಲಿಲ್ಲ. ಅದನ್ನು ಪ್ಲೇಟಿಗೆ ಇಳಿಸಿದ್ದು ಜೆಸ್ಸಿ ಸಾಂಡರ್ಸ್ ಎಂಬ ಯುವಕ. ಅವನು ತನ್ನ ಕಾರ್ಯಕ್ರಮಗಳಲ್ಲಿ ಮೊದಲಿಗೆ ಹಾಕುತ್ತಿದ್ದ, ಹಲವು ಹಾಡುಗಳ ತುಂಡು ಜೋಡಿಸಿ ಯಾರೋ ಮಾಡಿದ್ದ ಕಳ್ಳ ಅಚ್ಚಿನ ಪ್ಲೇಟೊಂದು ಕಳುವಾಯಿತಂತೆ. ಅದೇ ಬಗೆಯದನ್ನು ತಾನೇ ಮಾಡಬಹುದಲ್ಲ ಎಂದು ಹೊರಟ. ಜೊತೆಯಾದವನು ವಿನ್ಸ್ ಲಾರೆನ್ಸ್. ಆ ಹೊತ್ತಿಗೆ ಲಾರೆನ್ಸನಿಗೆ ಒಂದು ಅನುಕೂಲವಿತ್ತು. ಅವನ ತಂದೆ ಸಣ್ಣದೊಂದು ರೆಕಾರ್ಡ್ ಕಂಪನಿ ನಡೆಸುತ್ತಿದ್ದರು, ಪ್ಲೇಟು ಎಲ್ಲಿ ಅಚ್ಚಾಗುತ್ತದೆ ಎಂಬುದು ಹುಡುಗನಿಗೆ ಗೊತ್ತಿತ್ತು. ಡ್ರಮ್ ಯಂತ್ರ, ಬಾಸ್ ಯಂತ್ರ, ಒಂದು ಕೀಬೋರ್ಡು ಇಟ್ಟುಕೊಂಡು ಮಾಡಿದ ‘ಆನ್ ಅಂಡ್ ಆನ್’ 1984ರಲ್ಲಿ ಹೊರಬಂತು. ಹೌಸ್ ಸಂಗೀತದ ಮೊದಲ ಪ್ಲೇಟು ಎಂದು ಸಾಮಾನ್ಯವಾಗಿ ಹೆಸರಿಸುವುದು ಇದನ್ನೇ. ಕಂಪನಿಯ ಹೆಸರು ‘ಜೆಸ್ ಸೇ’. ಅಂದರೆ ಸಾಂಡರ್ಸನದ್ದೇ, ತನ್ನ ಹೆಸರಿನದ್ದೇ.

ಸಂಗೀತದ ದೃಷ್ಟಿಯಿಂದ ‘ಆನ್ ಅಂಡ್ ಆನ್’ ಮಹಾ ಕೃತಿಯೇನಲ್ಲ. ಇದನ್ನು ಮಾಡಿದವರೂ ಹೀಗೆ ಹೇಳಿಕೊಂಡವರಲ್ಲ. ಆದರೆ ಅದು ಕೇಳಿದವರ ಮೇಲೆ ಮಾಡಿದ ಪರಿಣಾಮ ದೊಡ್ಡದು. ಅದ್ಭುತವಾದದ್ದನ್ನು ಕೇಳಿದರೆ ಮನುಷ್ಯ ತಲೆಬಾಗಿ ಸುಮ್ಮನಾಗುತ್ತಾನೆ. ‘ಇಷ್ಟೇನಾ, ಇದನ್ನು ನಾನೂ ಮಾಡಬಲ್ಲೆ’ ಅನ್ನಿಸಿದರೆ ಎದ್ದು ಹೊರಡುತ್ತಾನೆ. ಶಿಕಾಗೊದ ದಕ್ಷಿಣ ಭಾಗದ ನೂರಾರು ಹುಡುಗರಿಗೆ ಅನ್ನಿಸಿದ್ದು ಎರಡನೆಯದು. ತಮ್ಮ ಓಣಿಯ ಹುಡುಗನ ಹೆಸರು ಪ್ಲೇಟಿನ ನಡುವಿನ ದುಂಡು ಕಾಗದದ ಮೇಲೆ ಅಚ್ಚಾಗಿ ಬಂದದ್ದನ್ನು ಅವರು ಕಣ್ಣಾರೆ ಕಂಡರು.

ಇಲ್ಲಿ ಲ್ಯಾರಿ ಶೆರ್ಮನ್ ಬರುತ್ತಾನೆ. ಬ್ರಿಡ್ಜ್‌ಪೋರ್ಟ್ ಭಾಗದಲ್ಲಿ ಅವನದ್ದೊಂದು ಪ್ಲೇಟು ಒತ್ತುವ ಕಾರ್ಖಾನೆ ಇತ್ತು, ಹೆಸರು ‘ಮ್ಯೂಸಿಕಲ್ ಪ್ರಾಡಕ್ಟ್ಸ್’. ಅವನು ಬಿಳಿಯ, ಹೌಸ್ ಕ್ಲಬ್ಬುಗಳ ಲೋಕಕ್ಕೆ ಹೊರಗಿನವ. ಆದರೆ ಸಾಂಡರ್ಸ್ ಮತ್ತೆ ಮತ್ತೆ ಬಂದು ಇನ್ನಷ್ಟು ಪ್ರತಿ ಬೇಕೆಂದಾಗ, ಇದೇನೋ ಮಾರಾಟವಾಗುವ ಸರಕು ಎಂದು ಅವನಿಗೆ ಹೊಳೆಯಿತು. ಶೆರ್ಮನ್, ಲಾರೆನ್ಸ್, ಸಾಂಡರ್ಸ್ ಸೇರಿ 1984ರಲ್ಲಿ ಟ್ರಾಕ್ಸ್ ಶುರುವಾಯಿತು. ಹೆಸರೂ ಲಾಂಛನವೂ ಲಾರೆನ್ಸನವು. ಕಾರ್ಖಾನೆ ಶೆರ್ಮನ್ನನದ್ದು. ಈ ಪಾಲುದಾರಿಕೆಯಲ್ಲಿ ಯಾರ ಕೈ ಮೇಲಾಗಬಹುದು ಎಂಬುದು ಈ ಎರಡು ವಾಕ್ಯಗಳಲ್ಲೇ ಇದೆ.

ಕಾರ್ಖಾನೆ ಕೈಯಳತೆಯಲ್ಲಿ ಇರುವುದೆಂದರೆ ಏನೆಂದು ಯೋಚಿಸಬೇಕು. ದೊಡ್ಡ ಕಂಪನಿಯೊಂದರಲ್ಲಿ ಹಾಡು ಧ್ವನಿಮುದ್ರಣವಾಗಿ ಅಂಗಡಿ ಸೇರಲು ತಿಂಗಳುಗಟ್ಟಲೆ ಬೇಕು. ಶಿಕಾಗೊದಲ್ಲಿ ಹುಡುಗನೊಬ್ಬ ಮಲಗುವ ಕೋಣೆಯಲ್ಲಿ ಟೇಪು ಮಾಡಿ, ಅದನ್ನು ‘ಮ್ಯೂಸಿಕ್ ಬಾಕ್ಸ್’ ಕ್ಲಬ್ಬಿನಲ್ಲಿ ರಾನ್ ಹಾರ್ಡಿಯ ಕೈಗೆ ಕೊಟ್ಟರೆ ಅಂದೇ ರಾತ್ರಿ ತೀರ್ಪು ಸಿಗುತ್ತಿತ್ತು. ಜನ ಕುಣಿದರೆ ಟೇಪು ಕಾರ್ಖಾನೆಗೆ, ಕಾರ್ಖಾನೆಯಿಂದ ಊರಿನ ಅಂಗಡಿಗೆ. ಡಬ್ಲ್ಯೂಬಿಎಂಎಕ್ಸ್ ರೇಡಿಯೊದಲ್ಲಿ ‘ಹಾಟ್ ಮಿಕ್ಸ್ 5’ ಎಂಬ ಡಿಜೆಗಳ ತಂಡ ಅದೇ ಪ್ಲೇಟನ್ನು ಮನೆಮನೆಗೆ ಮುಟ್ಟಿಸುತ್ತಿತ್ತು. ಕುಣಿಯುವ ನೆಲ, ಒತ್ತುವ ಕಾರ್ಖಾನೆ, ಮಾರುವ ಅಂಗಡಿ, ಕೇಳಿಸುವ ರೇಡಿಯೊ ನಾಲ್ಕೂ ಒಂದೇ ನಗರದೊಳಗಿದ್ದವು. 1985ರಲ್ಲಿ ರಾಕಿ ಜೋನ್ಸ್ ‘ಡಿಜೆ ಇಂಟರ್‌ನ್ಯಾಷನಲ್’ ಎಂಬ ಇನ್ನೊಂದು ಕಂಪನಿ ತೆರೆದ ಮೇಲೆ ಪೈಪೋಟಿಯೂ ಸೇರಿಕೊಂಡಿತು.

ಇದನ್ನೆಲ್ಲ ಮಾಡಿದವರಲ್ಲಿ ಹಲವರು ದುಡಿದು ಉಣ್ಣುವವರು. ಮಾರ್ಷಲ್ ಜೆಫರ್ಸನ್ ಅಂಚೆ ಇಲಾಖೆಯಲ್ಲಿದ್ದ. 1986ರಲ್ಲಿ ಅವನ ‘ಮೂವ್ ಯುವರ್ ಬಾಡಿ’ ಟ್ರಾಕ್ಸ್‌ನಿಂದ ಬಂತು. ಹೌಸ್ ಸಂಗೀತದಲ್ಲಿ ಪಿಯಾನೊದ ಗುಡುಗು ಶುರುವಾದದ್ದು ಆ ಹಾಡಿನಿಂದ. ಲ್ಯಾರಿ ಹರ್ಡ್ ಮೊದಲು ಬ್ಯಾಂಡೊಂದರಲ್ಲಿ ಡ್ರಮ್ ಬಾರಿಸುತ್ತಿದ್ದವ, ಸರಕಾರಿ ಕಚೇರಿಯ ನೌಕರ. ಒಂದು ಸಿಂಥಸೈಜರ್, ಒಂದು ಡ್ರಮ್ ಯಂತ್ರ ಇಟ್ಟುಕೊಂಡು ಮನೆಯಲ್ಲಿ ಅವನು ಮಾಡಿದ ‘ಕ್ಯಾನ್ ಯೂ ಫೀಲ್ ಇಟ್’ ಕೂಡ 1986ರದ್ದೇ. ಅದರ ಮೃದುತ್ವ, ಅದರೊಳಗಿನ ಏಕಾಂತ ಕೇಳಿದರೆ, ಕುಣಿಯಲೆಂದು ಮಾಡಿದ ಸಂಗೀತ ಒಂದು ಭಾವಗೀತೆಯೂ ಆಗಬಲ್ಲದೆಂದು ನಂಬಿಕೆ ಬರುತ್ತದೆ.

ಎಲ್ಲಕ್ಕಿಂತ ವಿಚಿತ್ರವಾದದ್ದು ‘ಆ್ಯಸಿಡ್ ಟ್ರಾಕ್ಸ್’. ಜಪಾನಿನ ರೋಲಂಡ್ ಕಂಪನಿ 1980ರ ದಶಕದ ಆರಂಭದಲ್ಲಿ ಟಿಬಿ-303 ಎಂಬ ಪುಟ್ಟ ಬೂದು ಬಣ್ಣದ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಜೊತೆಗೆ ಬಾಸ್ ಗಿಟಾರ್ ನುಡಿಸುವವರಿಲ್ಲದೆ ಒಬ್ಬನೇ ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆಂದು ಮಾಡಿದ್ದು. ಅದರ ಧ್ವನಿ ಬಾಸ್ ಗಿಟಾರಿನ ಹಾಗೆ ಕೇಳುತ್ತಲೇ ಇರಲಿಲ್ಲ, ಯಾರೂ ಕೊಳ್ಳಲಿಲ್ಲ. ಸುಮಾರು 10,000 ಯಂತ್ರ ಮಾಡಿ 1984ರಲ್ಲಿ ಕಂಪನಿ ನಿಲ್ಲಿಸಿಬಿಟ್ಟಿತು. ಹಾಗೆ ಬೇಡವಾದ ಯಂತ್ರವೊಂದನ್ನು ಫ್ಯೂಚರ್ ಎಂಬ ತಂಡದ ಸ್ಪ್ಯಾಂಕಿ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ. ಡಿಜೆ ಪಿಯರ್ ಅದರ ಗುಂಡಿಗಳನ್ನು ಸುಮ್ಮನೆ ತಿರುಗಿಸುತ್ತ ಹೋದಾಗ ಜಿನುಗುವ, ಕಿರುಚುವ, ಬಾಯಿ ತೆರೆದು ಮುಚ್ಚುವ ಹಾಗಿನ ಸದ್ದು ಹೊರಟಿತು. ಆ ಟೇಪನ್ನು ರಾನ್ ಹಾರ್ಡಿ ಮೊದಲ ಸಲ ಹಾಕಿದಾಗ ಜನ ನೆಲ ಬಿಟ್ಟು ಹೋದರು. ಅವನು ಅದೇ ರಾತ್ರಿ ಮತ್ತೆ ಹಾಕಿದ, ಮತ್ತೂ ಹಾಕಿದ. ನಾಲ್ಕನೇ ಸಲಕ್ಕೆ ಜನ ಹುಚ್ಚೆದ್ದು ಕುಣಿದರೆಂದು ತಂಡದವರೇ ಹೇಳಿದ್ದಾರೆ. 1987ರಲ್ಲಿ ಟ್ರಾಕ್ಸ್ ಅದನ್ನು ಪ್ಲೇಟು ಮಾಡಿತು. ಹನ್ನೊಂದು ನಿಮಿಷ ಮೀರಿದ ಈ ಹಾಡು ‘ಆ್ಯಸಿಡ್ ಹೌಸ್’ ಎಂಬ ಇಡೀ ಪ್ರಕಾರಕ್ಕೆ ಹೆಸರಿಟ್ಟಿತು.

ಇಲ್ಲಿ ಭಾರತದ ಒಂದು ಅಡ್ಡಕತೆ ಹೇಳಲೇಬೇಕು. ಇದೇ ಟಿಬಿ-303 ಯಂತ್ರ, ಜೊತೆಗೆ ರೋಲಂಡಿನದ್ದೇ ಡ್ರಮ್ ಯಂತ್ರ ಇಟ್ಟುಕೊಂಡು ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲೇ ‘ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂಬ ಎಲ್‌ಪಿ ಮಾಡಿದ್ದರು. ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ದುಡಿದ ಕಲಾವಿದ ಅವರು. ಹತ್ತು ರಾಗಗಳನ್ನು ಡಿಸ್ಕೊ ತಾಳದ ಮೇಲೆ ನುಡಿಸಿದ ಆ ಪ್ಲೇಟು ಕೇಳಿದರೆ, ‘ಆ್ಯಸಿಡ್ ಟ್ರಾಕ್ಸ್’ಗೆ ಐದು ವರ್ಷ ಮೊದಲೇ ಅದರ ಅಣ್ಣ ಹುಟ್ಟಿದ್ದನೇನೋ ಅನ್ನಿಸುತ್ತದೆ. ತಂದದ್ದು ಎಚ್‌ಎಂವಿ, ದೇಶದ ಅತಿ ದೊಡ್ಡ ಕಂಪನಿ. ಅದು ಯಾರ ಗಮನಕ್ಕೂ ಬರದೆ ಮರೆಯಾಯಿತು. 2010ರಲ್ಲಿ ವಿದೇಶದ ಪುಟ್ಟ ಕಂಪನಿಯೊಂದು ಮರುಮುದ್ರಿಸಿದ ಮೇಲೆ, ಸಿಂಗ್ ತಮ್ಮ ಇಳಿವಯಸ್ಸಿನಲ್ಲಿ ಯುರೋಪಿನ ವೇದಿಕೆಗಳನ್ನು ಕಂಡರು. 2015ರಲ್ಲಿ ತೀರಿಕೊಂಡರು.

ಯಂತ್ರ ಒಂದೇ, ಪ್ರತಿಭೆಗೆ ಎರಡೂ ಕಡೆ ಕೊರತೆಯಿಲ್ಲ. ಮುಂಬೈಯಲ್ಲಿ ದೊಡ್ಡ ಕಂಪನಿಯಿತ್ತು, ಆ ಸಂಗೀತಕ್ಕಾಗಿ ಕಾದ ಕುಣಿಯುವ ನೆಲ ಇರಲಿಲ್ಲ. ಶಿಕಾಗೊದಲ್ಲಿ ಕಂಪನಿ ಹರಕು, ಪ್ಲೇಟು ಕಳಪೆ, ನೆಲ ಮಾತ್ರ ರಾತ್ರಿಯಿಡೀ ತುಂಬಿರುತ್ತಿತ್ತು. ಸಂಗೀತದ ಚರಿತ್ರೆ ಬರೆಯುವಾಗ ನಾವು ಕಲಾವಿದರನ್ನೂ ಯಂತ್ರಗಳನ್ನೂ ಲೆಕ್ಕ ಹಾಕುತ್ತೇವೆ. ಕೇಳುವವರ ಸಮುದಾಯವನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ಈಗ ದುಡ್ಡಿನ ವಿಚಾರ. 1986ರಲ್ಲಿ ಫಾರ್ಲಿ ‘ಜ್ಯಾಕ್‌ಮಾಸ್ಟರ್’ ಫಂಕ್‌ನ ‘ಲವ್ ಕಾಂಟ್ ಟರ್ನ್ ಅರೌಂಡ್’ ಇಂಗ್ಲೆಂಡಿನ ಜನಪ್ರಿಯ ಹತ್ತು ಹಾಡುಗಳ ಪಟ್ಟಿ ಸೇರಿತು. 1987ರ ಜನವರಿಯಲ್ಲಿ ಸ್ಟೀವ್ ‘ಸಿಲ್ಕ್’ ಹರ್ಲಿಯ ‘ಜ್ಯಾಕ್ ಯುವರ್ ಬಾಡಿ’ ಅಲ್ಲಿ ಮೊದಲ ಸ್ಥಾನಕ್ಕೇರಿತು. ಎರಡೂ ಶಿಕಾಗೊದ ಹಾಡುಗಳು. ಲಂಡನ್ನಿನ, ಮ್ಯಾಂಚೆಸ್ಟರಿನ ಕ್ಲಬ್ಬುಗಳು ಈ ಸಂಗೀತದಿಂದ ತುಂಬಿದವು. ಅಮೆರಿಕದಲ್ಲಿ ಮಾತ್ರ ಬಹುಪಾಲು ಜನಕ್ಕೆ ಅದರ ಹೆಸರೂ ಗೊತ್ತಿರಲಿಲ್ಲ. ಸಾಗರದಾಚೆ ದುಡ್ಡು ಹುಟ್ಟುತ್ತಿದ್ದಾಗ ಅದನ್ನು ಮಾಡಿದವರಲ್ಲಿ ಹಲವರು ಒಂದು ಹಾಡಿಗೆ ಒಮ್ಮೆ ಕೈಗೆ ಸಿಕ್ಕ ನಗದಿನಲ್ಲೇ ತೃಪ್ತಿಪಡಬೇಕಾಯಿತು. ಗೌರವಧನದ ಲೆಕ್ಕ ಬರಲಿಲ್ಲ, ಬರೆದುಕೊಟ್ಟ ಕಾಗದದಲ್ಲಿ ಏನಿತ್ತೆಂದು ಸಹಿ ಹಾಕುವಾಗ ತಿಳಿದಿರಲಿಲ್ಲ ಎಂಬುದು ಟ್ರಾಕ್ಸ್ ಕಲಾವಿದರಲ್ಲಿ ಹಲವರು ಬಹಿರಂಗವಾಗಿಯೇ ಹೇಳುತ್ತ ಬಂದ ದೂರು. ಶೆರ್ಮನ್ 2020ರಲ್ಲಿ ತೀರಿಕೊಂಡ. ಅದೇ ವರ್ಷ ಲ್ಯಾರಿ ಹರ್ಡ್ ಮತ್ತು ಗಾಯಕ ರಾಬರ್ಟ್ ಓವೆನ್ಸ್ ಕಂಪನಿಯ ಮೇಲೆ ಕೃತಿಸ್ವಾಮ್ಯದ ದಾವೆ ಹೂಡಿದರು. 2022ರಲ್ಲಿ ರಾಜಿಯಾಗಿ, ಹಾಡುಗಳ ಹಕ್ಕು ಅವರಿಗೆ ಮರಳಿತು. ಆ ವರ್ಷವೇ ಜೆಫರ್ಸನ್ ಸೇರಿದಂತೆ ಇನ್ನೂ ಹಲವರು ನ್ಯಾಯಾಲಯಕ್ಕೆ ಹೋದರು. ‘ಕ್ಯಾನ್ ಯೂ ಫೀಲ್ ಇಟ್’ ಬಂದು ಆಗಲೇ 36 ವರ್ಷಗಳಾಗಿದ್ದವು.

ಹಾಗೆಂದು ಶೆರ್ಮನ್ನನನ್ನು ಖಳನಾಯಕ ಮಾಡಿ ಕತೆ ಮುಗಿಸುವುದು ಸುಲಭ, ಆದರೆ ಪೂರ್ತಿ ಸತ್ಯವಲ್ಲ. ಆ ಹುಡುಗರ ಟೇಪುಗಳನ್ನು ದೊಡ್ಡ ಕಂಪನಿಗಳು ಮುಟ್ಟುತ್ತಿರಲಿಲ್ಲ. ಕರಗಿಸಿದ ಪ್ಲಾಸ್ಟಿಕ್ಕು ಅಗ್ಗವಾಗಿದ್ದರಿಂದಲೇ ಅವನು ಗೊತ್ತುಗುರಿಯಿಲ್ಲದ ಹಾಡುಗಳಿಗೆ ಕೈಹಾಕಿದ. ಆದರೆ ಒಳ್ಳೆಯ ಕರಾರು ಪತ್ರಕ್ಕೆ ಒಳ್ಳೆಯ ಪ್ಲಾಸ್ಟಿಕ್ಕಿನಷ್ಟು ಬೆಲೆಯಿಲ್ಲ. ಬೆಲೆ ಇಲ್ಲದ್ದನ್ನೂ ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆಗೆ ಅಗ್ಗದ ಪ್ಲಾಸ್ಟಿಕ್ಕು ಉತ್ತರವಾಗಲಾರದು.

ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ, ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾದಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಾಗ. ಅಲ್ಲಿಂದ ಎಪ್ಪತ್ತು ವರ್ಷಗಳ ಕಾಲ ನಾಯಿ ಕೂತ ಚಿತ್ರದ ಕಂಪನಿಯದ್ದೇ ಆಳ್ವಿಕೆ. ಕಾರ್ಖಾನೆ ಕಲ್ಕತ್ತಾದಲ್ಲಿ, ಆಯ್ಕೆ ಅವರದ್ದು. ಉಡುಪಿಯ ಆರೂರಿನ ಪಿ. ಕಾಳಿಂಗರಾಯರು ನವೋದಯ ಕವಿಗಳ ಪದ್ಯಗಳನ್ನು ಗ್ರಾಮಫೋನ್ ಪ್ಲೇಟುಗಳ ಮೂಲಕ ಮನೆಮಾತು ಮಾಡಿದ್ದು ಆ ವ್ಯವಸ್ಥೆಯ ಒಳಗೇ. ಆದರೆ ಪ್ಲೇಟು ಎಂಬುದು ಉಳ್ಳವರ ಮನೆಯ ವಸ್ತು. 1963ರಲ್ಲಿ ಫಿಲಿಪ್ಸ್ ಕಂಪನಿ ತಂದ ಕ್ಯಾಸೆಟ್ಟು 70ರ ದಶಕದ ಕೊನೆಯ ಹೊತ್ತಿಗೆ ನಮ್ಮಲ್ಲಿ ಹರಡತೊಡಗಿದಾಗ ಈ ಲೆಕ್ಕ ತಲೆಕೆಳಗಾಯಿತು. ಕ್ಯಾಸೆಟ್ಟಿಗೆ ದೊಡ್ಡ ಕಾರ್ಖಾನೆ ಬೇಡ. ಎರಡು ಯಂತ್ರವಿದ್ದರೆ ಒಂದರಿಂದ ಇನ್ನೊಂದಕ್ಕೆ ನಕಲು ಮಾಡಬಹುದು. ಕೇಳುವ ಯಂತ್ರವೇ ಧ್ವನಿ ಹಿಡಿಯುವ ಯಂತ್ರವೂ ಹೌದು.

1978ರಲ್ಲಿ ‘ನಿತ್ಯೋತ್ಸವ’ ಬಂತು. ಕೆ.ಎಸ್. ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ. ಕನ್ನಡ ಭಾವಗೀತೆಯ ಮೊದಲ ಧ್ವನಿಸುರುಳಿ ಎಂದು ಹೆಸರಾದದ್ದು ಇದು. ಸಿನಿಮಾದ ಹಂಗಿಲ್ಲದೆ, ಕವಿತೆಯ ಹೆಸರಿನಲ್ಲೇ ಒಂದು ಮಾರುಕಟ್ಟೆ ಇದೆಯೆಂದು ಅದು ತೋರಿಸಿಕೊಟ್ಟಿತು. ಆಮೇಲಿನ ಹತ್ತು ಹದಿನೈದು ವರ್ಷ ಬೆಂಗಳೂರಿನ ಕ್ಯಾಸೆಟ್ ಕಂಪನಿಗಳು ಭಾವಗೀತೆ, ಜನಪದ ಗೀತೆ, ದಾಸರ ಪದ, ವಚನ ಎಂದು ಹೊರತಂದದ್ದಕ್ಕೆ ಲೆಕ್ಕವಿಲ್ಲ. ಕವಿತಾ ಸಂಕಲನ ಕೊಳ್ಳದ ಮನೆಗಳಿಗೂ ಕವಿತೆ ಹೋದದ್ದು ಹೀಗೆ.

ನಮ್ಮ ಕರಾವಳಿಯಲ್ಲಿ ಆದದ್ದು ಇನ್ನೂ ಶಿಕಾಗೊಗೆ ಹತ್ತಿರ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲವಿಡೀ ದೇವಸ್ಥಾನದ ಚಾವಡಿಗಳಲ್ಲಿ, ಮನೆಗಳಲ್ಲಿ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯ ಮತ್ತು ಅರ್ಥಧಾರಿಗಳ ಮಾತು. ಕಿವಿಗೆಂದೇ ಇರುವ ಕಲೆ. ಕ್ಯಾಸೆಟ್ಟಿಗೆ ಇದಕ್ಕಿಂತ ಒಪ್ಪುವುದು ಯಾವುದಿದೆ? ಸಭೆಯ ಮುಂದಿನ ಸಾಲಿನಲ್ಲಿ ಕುಳಿತವರ ಟೇಪ್ ರೆಕಾರ್ಡರುಗಳು ವೇದಿಕೆಯ ಅಂಚಿಗೆ ಬಂದು ಕುಳಿತವು. ಶೇಣಿ ಗೋಪಾಲಕೃಷ್ಣ ಭಟ್ಟರ ವಾದದ ಮೊನೆ, ಬಲಿಪ ನಾರಾಯಣ ಭಾಗವತರ ಪದ್ಯದ ಗತ್ತು, ಬಡಗಿನಲ್ಲಿ ಕಾಳಿಂಗ ನಾವಡರ ಕಂಠ, ಎಲ್ಲವೂ ಪೆಟ್ಟಿಗೆಯೊಳಗೆ ಸೇರಿ ಊರೂರಿಗೆ, ಮುಂಬೈಗೆ, ಕೊಲ್ಲಿ ದೇಶಗಳಿಗೆ ಹೋದವು. ನಾವಡರು 1990ರಲ್ಲಿ, ಮೂವತ್ತರ ಆಸುಪಾಸಿನಲ್ಲೇ, ಅಪಘಾತದಲ್ಲಿ ತೀರಿಕೊಂಡರು. ಅವರನ್ನು ಕಣ್ಣಾರೆ ಕಾಣದ ನನ್ನ ತಲೆಮಾರಿನವರಿಗೂ ಅವರ ಧ್ವನಿ ಪರಿಚಿತವಾಗಿರುವುದು ಕ್ಯಾಸೆಟ್ಟಿನ ದೆಸೆಯಿಂದ.

ಇಲ್ಲಿ ಕೇಳಬೇಕಾದ ಪ್ರಶ್ನೆ: ಒಂದು ತಾಳಮದ್ದಳೆಯ ಕ್ಯಾಸೆಟ್ಟು ಯಾರದ್ದು? ಪ್ರಸಂಗ ಬರೆದ ಕವಿ ಒಬ್ಬರು, ಕೆಲವೊಮ್ಮೆ ಪಾರ್ತಿಸುಬ್ಬನ ಹಾಗೆ ಶತಮಾನಗಳ ಹಿಂದಿನವರು. ಹಾಡಿದ ಭಾಗವತರು ಒಬ್ಬರು. ಚೆಂಡೆ, ಮದ್ದಳೆಯವರು ಇಬ್ಬರು. ಅರ್ಥ ಹೇಳಿದವರು ನಾಲ್ಕೈದು ಮಂದಿ. ಅವರ ಮಾತು ಆ ಕ್ಷಣಕ್ಕೆ ಹುಟ್ಟಿದ್ದು, ಎಲ್ಲೂ ಬರೆದಿಟ್ಟದ್ದಲ್ಲ. ಕಾರ್ಯಕ್ರಮ ಮಾಡಿಸಿದ ಸಂಘ ಬೇರೆ, ಟೇಪು ಮಾಡಿ ಮಾರಿದವರು ಬೇರೆ.

ಆ ಕಾಲದ ನಮ್ಮ ಕಾನೂನಿಗೆ ಈ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆ ‘ಸಂಗೀತ ಕೃತಿ’ ಎಂದರೆ ಬರೆದದ್ದು ಅಥವಾ ಅಚ್ಚಾದದ್ದು ಎಂದು ಹಿಡಿದಿತ್ತು. ಸ್ವರಲಿಪಿಯ ಕಾಗದವಿದ್ದರೆ ಸಂಗೀತ, ಕಂಠದಿಂದ ಕಂಠಕ್ಕೆ ಬಂದದ್ದು ಲೆಕ್ಕಕ್ಕಿಲ್ಲ. 1977ರಲ್ಲಿ ಸಿನಿಮಾ ಸಂಗೀತದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ನಿರ್ಮಾಪಕರ ಪರವಾಗಿ ತೀರ್ಪಿತ್ತಾಗ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಈ ವ್ಯಾಖ್ಯೆ ನಮ್ಮ ಸಂಗೀತದ ಸ್ವಭಾವಕ್ಕೆ ಹೊಂದುವುದಿಲ್ಲವೆಂದು, ಹಾಡುವವನಿಗೂ ಹಕ್ಕಿರಬೇಕೆಂದು ಬೇರೆಯಾಗಿ ಬರೆದರು. 1978ರಲ್ಲಿ ದೇವ್ ಆನಂದ್ ಕುರಿತ ಮೊಕದ್ದಮೆಯಲ್ಲಿ ಬಾಂಬೆ ಹೈಕೋರ್ಟು ನಟನ ಅಭಿನಯ ಕೃತಿಯಲ್ಲ, ಅದಕ್ಕೆ ಕೃತಿಸ್ವಾಮ್ಯವಿಲ್ಲ ಎಂದಿತು. ಅಂದರೆ ‘ನಿತ್ಯೋತ್ಸವ’ದ ಕ್ಯಾಸೆಟ್ಟು ಬಂದ ವರ್ಷ, ಈ ದೇಶದಲ್ಲಿ ಪ್ರದರ್ಶಕನಿಗೆ ತನ್ನ ಪ್ರದರ್ಶನದ ಮೇಲೆ ಕಾನೂನಿನ ಹಕ್ಕು ಇರಲಿಲ್ಲ.

ಆ ಹಕ್ಕು ಬಂದದ್ದು 1994ರ ತಿದ್ದುಪಡಿಯಿಂದ, ಜಾರಿಯಾದದ್ದು 1995ರ ಮೇ ತಿಂಗಳಲ್ಲಿ. ಸಂಗೀತ ಬರಹದಲ್ಲೇ ಇರಬೇಕೆಂಬ ಷರತ್ತು ಹೋಯಿತು. ‘ಪ್ರದರ್ಶಕ’ ಎಂಬುದಕ್ಕೆ ಕಾಯಿದೆ ಕೊಟ್ಟ ಪಟ್ಟಿ ಓದುವುದಕ್ಕೇ ಸ್ವಾರಸ್ಯ. ನಟ, ಗಾಯಕ, ವಾದಕ, ನರ್ತಕ, ದೊಂಬರಾಟದವ, ಜಾದೂಗಾರ, ಹಾವಾಡಿಗ, ಉಪನ್ಯಾಸ ಕೊಡುವವ. ಭಾಗವತರೂ ಅರ್ಥಧಾರಿಗಳೂ ಇದರಲ್ಲಿ ಸಲೀಸಾಗಿ ಸೇರುತ್ತಾರೆ. ಆದರೆ ಆ ಹೊತ್ತಿಗೆ ಕ್ಯಾಸೆಟ್ಟಿನ ಸುಗ್ಗಿಯ ದಿನಗಳಲ್ಲಿ ಬಹುಪಾಲು ಕಳೆದಿತ್ತು. 2012ರ ತಿದ್ದುಪಡಿ ಸಾಹಿತಿ, ಸಂಯೋಜಕರ ಗೌರವಧನದ ಹಕ್ಕನ್ನು ಯಾರೂ ಪೂರ್ತಿ ಬರೆಸಿಕೊಳ್ಳದ ಹಾಗೆ ಮಾಡಿತು. ಆ ವರ್ಷಕ್ಕೆ ಹಾಡು ಕ್ಯಾಸೆಟ್ಟನ್ನೂ ಸಿಡಿಯನ್ನೂ ದಾಟಿ ಮೊಬೈಲಿಗೆ ಬಂದಾಗಿತ್ತು.

ಹೋಲಿಕೆಗೆ ಒಂದು ಮಿತಿಯಿದೆ. ಶಿಕಾಗೊದವರಿಗೆ ಕಾನೂನು ಇತ್ತು, ಕಾಗದ ಸರಿಯಿರಲಿಲ್ಲ. ನಮ್ಮವರಿಗೆ ಕಾನೂನೂ ಇರಲಿಲ್ಲ. ಅಲ್ಲಿನ ಹಾಡು ಜಗತ್ತಿನ ಮಾರುಕಟ್ಟೆ ಸೇರಿ ಕೋಟಿಗಟ್ಟಲೆಯ ವ್ಯವಹಾರವಾಯಿತು, ಇಲ್ಲಿಯದು ಅಂಥ ದುಡ್ಡಿನ ಕತೆಯಲ್ಲ. ನಮ್ಮ ಕಲಾವಿದರಲ್ಲಿ ಹಲವರಿಗೆ ತಮ್ಮ ಪದ್ಯ ದೂರದೂರಿನಲ್ಲಿ ಕೇಳುತ್ತಿದೆ ಎಂಬುದೇ ಸಂತೋಷದ ವಿಷಯವಾಗಿದ್ದಿರಬಹುದು. ಕ್ಯಾಸೆಟ್ಟಿನಿಂದ ಬಂದ ಹೆಸರು ಮುಂದಿನ ಕಾರ್ಯಕ್ರಮದ ವೀಳ್ಯವನ್ನು ಹೆಚ್ಚಿಸಿದ್ದೂ ಇದ್ದೀತು. ಆದರೆ ಒಂದು ವ್ಯತ್ಯಾಸ ನಮಗೆ ನೋಯಬೇಕಾದದ್ದು. ಹರ್ಡ್ ಮತ್ತು ಓವೆನ್ಸ್ 34 ವರ್ಷಗಳ ಬಳಿಕ ನ್ಯಾಯಾಲಯಕ್ಕೆ ಹೋಗಲು ಸಾಧ್ಯವಾದದ್ದು ಆ ಕಳಪೆ ಪ್ಲೇಟಿನ ದುಂಡು ಕಾಗದದ ಮೇಲೆ ಹಾಡಿನ ಹೆಸರು, ಮಾಡಿದವರ ಹೆಸರು, ವರ್ಷ ಅಚ್ಚಾಗಿದ್ದರಿಂದ. ಕಾಗದ ಅನ್ಯಾಯಕ್ಕೆ ಸಾಕ್ಷಿಯಾಗಿತ್ತು, ಕೊನೆಗೆ ನ್ಯಾಯಕ್ಕೂ ಅದೇ ಸಾಕ್ಷಿಯಾಯಿತು.

ನಮ್ಮ ತಾಳಮದ್ದಳೆಯ ಎಷ್ಟೋ ಮುದ್ರಣಗಳಿಗೆ ಆ ಕಾಗದವೂ ಇಲ್ಲ. ಹೊದಿಕೆ ಕಳೆದ ಕ್ಯಾಸೆಟ್ಟು, ಬೆನ್ನ ಮೇಲೆ ಪೆನ್ನಿನಲ್ಲಿ ಗೀಚಿದ ‘ಕರ್ಣಪರ್ವ 2’. ಯಾವ ಊರು, ಯಾವ ವರ್ಷ, ಮದ್ದಳೆಯಲ್ಲಿ ಯಾರು? ಆ ಸದ್ದು ಇವತ್ತು ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತಿದೆ, ಹೆಸರುಗಳು ಹಿಂದೆಯೇ ಉಳಿದಿವೆ. ಇತ್ತ ಅಟ್ಟದ ಮೇಲಿನ ಪೆಟ್ಟಿಗೆಯೊಳಗೆ, ಪ್ರತಿ ಮಳೆಗಾಲದಲ್ಲೂ ಟೇಪಿನ ಸುರುಳಿಗೆ ಬಿಳಿ ಬೂಸ್ಟು ಹಿಡಿಯುತ್ತದೆ. ಅಂಟಿಕೊಂಡ ಟೇಪನ್ನು ಒಮ್ಮೆ ಯಂತ್ರಕ್ಕೆ ಹಾಕಿದರೆ ಹರಿದುಹೋಗುತ್ತದೆ.

ವೇರ್‌ಹೌಸ್ ಇದ್ದ ಕಟ್ಟಡವನ್ನು ಶಿಕಾಗೊ ನಗರಸಭೆ 2023ರಲ್ಲಿ ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು. ಅದರ ಮುಂದಿನ ಬೀದಿಗೆ 2004ರಲ್ಲೇ ಫ್ರ್ಯಾಂಕಿ ನಕಲ್ಸ್ ಹೆಸರಿಟ್ಟಾಗಿತ್ತು. ನಮಗೆ ಕಟ್ಟಡ ಬೇಡ. ತಾಳಮದ್ದಳೆ ನಡೆದ ಚಾವಡಿಗಳು ಹೇಗೂ ಇನ್ನೂ ಬಳಕೆಯಲ್ಲಿವೆ. ಬೇಕಾದದ್ದು ಬಹಳ ಸಣ್ಣ ಕೆಲಸ. ಆ ಸಭೆಗಳಲ್ಲಿ ಕುಳಿತವರು, ಧ್ವನಿ ಕೇಳಿದರೆ ಇದು ಇಂಥವರ ಮದ್ದಳೆ ಎನ್ನಬಲ್ಲವರು ಇನ್ನೂ ನಮ್ಮ ಮನೆಗಳಲ್ಲೇ ಇದ್ದಾರೆ. ಪೆಟ್ಟಿಗೆ ಇಳಿಸಿ, ಬೂಸ್ಟು ಒರೆಸಿ, ಅವರ ಪಕ್ಕ ಕುಳಿತು ಕೇಳಿಸಬೇಕು. ಪ್ರಸಂಗ, ಊರು, ವರ್ಷ, ಭಾಗವತರು, ಚೆಂಡೆ, ಮದ್ದಳೆ, ಅರ್ಥಧಾರಿಗಳು ಎಂದು ಒಂದು ಚೀಟಿಯಲ್ಲಿ ಬರೆದು ಅಂಟಿಸಬೇಕು. ಇನ್ನು ಹತ್ತು ಮಳೆಗಾಲ ಕಳೆದರೆ ಟೇಪು ಉಳಿದರೂ ಹೆಸರು ಹೇಳುವವರು ಉಳಿದಿರುವುದಿಲ್ಲ.